ಮೇಜಿನ ಕಾಲಡಿಯ ಬಿಲ್ಲೆ

ಅಡುಗೆಮನೆಯ ಮೇಜಿನ ಒಂದು ಕಾಲು ಗಿಡ್ಡವಾಗಿದ್ದದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ. ಮೇಜು ನೆಟ್ಟಗಿದ್ದಿದ್ದರೆ ಆ ಉಕ್ಕಿನ ಬಿಲ್ಲೆ ಒಂದು ವರ್ಷ ಅದರ ಕಾಲಡಿ ಬಿದ್ದಿರುತ್ತಿರಲಿಲ್ಲ, ಕಾರ್ಖಾನೆಯ ಲ್ಯಾಬ್ ಸಹಾಯಕನಿಗೆ ಬೆಳಿಗ್ಗೆ ಎಂಟು ಗಂಟೆಗೇ ಕೈಕಾಲು ತಣ್ಣಗಾಗುತ್ತಲೂ ಇರಲಿಲ್ಲ. ಇವನನ್ನು ಎಲ್ಲರೂ ಕರೆಯುವುದು ನಾಳೆರಾಯ ಎಂದು. ಯಾವ ಕೆಲಸ ಹೇಳಿದರೂ "ನಾಳೆ ಖಂಡಿತ" ಎನ್ನುವ ಮನುಷ್ಯನಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ.

ಫೋನಿನಲ್ಲಿ ಮ್ಯಾನೇಜರು. "ಹನ್ನೊಂದಕ್ಕೆ ಬಿಲ್ಲೆ ತಗೊಂಡು ನನ್ನ ರೂಮಿಗೆ ಬನ್ರೀ, ತೂಕ ನೋಡೋಣ. ನಿಮ್ಮ ಕೆಲಸ ಖಾಯಂ ಮಾಡೋ ಆರ್ಡರ್ ರೆಡಿ ಇದೆ. ಬಿಲ್ಲೆ ನೋಡಿದ್ಮೇಲೆ ಸೈನ್ ಹಾಕ್ತೀನಿ."

ಆರು ವರ್ಷ ಚಾತಕಪಕ್ಷಿಯಂತೆ ಕಾದಿದ್ದ ಆರ್ಡರು!

ಆ ಕಾರ್ಖಾನೆಯಲ್ಲಿ ಕಲ್ಲಿನ ಪುಡಿಯನ್ನು ಆಸಿಡ್ಡಿನಲ್ಲಿ ಕಲಸಿ ಕೆಸರು ಮಾಡುತ್ತಾರೆ. ಆ ಕೆಸರು ಪೈಪು, ಪಂಪು, ತೊಟ್ಟಿ ಎಲ್ಲವನ್ನೂ ತಿಂದು ತೇಗುತ್ತದೆ. ಹೊಸ ಬಗೆಯ ಉಕ್ಕಾದರೂ ತಾಳುತ್ತದೆಯೋ ನೋಡೋಣವೆಂದು ಹೋದ ವರ್ಷ ಮ್ಯಾನೇಜರು ಇವನ ಕೈಗೆ ನೂರು ಗ್ರಾಮಿನ ಬಿಲ್ಲೆಯೊಂದನ್ನು ಕೊಟ್ಟು ಅರ್ಧ ಗಂಟೆ ಭಾಷಣ ಬಿಗಿದಿದ್ದರು. "ಬಿಲ್ಲೆ ಒಂದು ವರ್ಷ ಕೆಸರಲ್ಲಿ ನೇತಾಡಬೇಕು" ಎಂಬ ಮೊದಲ ಮಾತು ಇವನ ಕಿವಿಗೆ ಬಿತ್ತು. "ಇದು ನಿಮ್ಮ ಜವಾಬ್ದಾರಿ" ಎಂಬ ಕೊನೆಯದೂ ಬಿತ್ತು. ನಡುವೆ ಇವನು ಮ್ಯಾನೇಜರ ಬೋಳುತಲೆಯ ಮೇಲೆ ಜಾರುಬಂಡೆ ಆಡುತ್ತಿದ್ದ ನೊಣವನ್ನು ನೋಡುತ್ತಿದ್ದ.

ನಾಳೆ ನೇತುಹಾಕಿದರಾಯಿತೆಂದು ಬಿಲ್ಲೆಯನ್ನು ಜೇಬಿಗಿಳಿಸಿದ. ಮನೆಗೆ ಬಂದರೆ ಮೇಜು ಕುಂಟುತ್ತಿತ್ತು. ಅಲ್ಲಿಂದ ಹನ್ನೆರಡು ತಿಂಗಳೂ ರಿಜಿಸ್ಟರಿನಲ್ಲಿ "ಬಿಲ್ಲೆ ಸುರಕ್ಷಿತ" ಎಂದು ಬರೆದ. ಬರೆಯುವಾಗ ಪ್ರತಿಸಲ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡುತ್ತಿದ್ದ, ಪಾಪ.

ಈಗ ಮೇಜಿನಡಿ ನುಗ್ಗಿ ಬಿಲ್ಲೆ ಎಳೆದ.

"ರೀ, ಮೇಲೆ ಹಾಲಿದೆ!" ಹೆಂಡತಿ ಕೂಗುವಷ್ಟರಲ್ಲಿ ಹಾಲು ಅವನ ತಲೆಯ ಮೇಲಿತ್ತು.

"ಹಾಲು ಹೋಗ್ಲಿ ಕಣೇ, ಕೆಲಸಾನೇ ಹೋಗತ್ತೆ! ಆಸಿಡ್ಡಲ್ಲಿ ಸವೆದಿರಬೇಕಾದ ಬಿಲ್ಲೆ ನೋಡು, ಮದುಮಗನ ಥರ ಹೊಳೀತಿದೆ."

ಗಲಾಟೆ ಕೇಳಿ ಮಹಡಿ ಮನೆಯ ದೊಡ್ಡಮ್ಮ ಇಳಿದು ಬಂದರು. ಪರರ ಕಷ್ಟವೆಂದರೆ ಅವರಿಗೆ ಮೊಣಕಾಲು ನೋವೂ ಮರೆತುಹೋಗುತ್ತದೆ.

"ಸವೆಸೋದು ತಾನೆ? ಬರೀ ಹುಳಿ ಹಾಕಿದ್ರೂ ಆಗಲ್ಲ, ಬರೀ ಮರಳು ಉಜ್ಜಿದ್ರೂ ಆಗಲ್ಲಪ್ಪ. ಹುಳಿ ಕಚ್ಚಬೇಕು, ಕಚ್ಚಿದ್ದನ್ನ ಮರಳು ಕೆರೀಬೇಕು. ಎರಡೂ ಜೊತೆಯಾದ್ರೆ ಎಂಥ ಪಾತ್ರೆನೂ ತೂತೇ!"

ಮ್ಯಾನೇಜರ ಅರ್ಧ ಗಂಟೆಯ ಭಾಷಣವನ್ನು ದೊಡ್ಡಮ್ಮ ಅರ್ಧ ನಿಮಿಷದಲ್ಲಿ ಮುಗಿಸಿದ್ದರು.

ಬಚ್ಚಲು ತೊಳೆಯುವ ಆಸಿಡ್ ಬಂತು. ಎದುರಿನ ಕಟ್ಟಡದಿಂದ ಒಂದು ಬಕೆಟ್ ಮರಳು ಬಂತು. ಎರಡನ್ನೂ ಬಿಲ್ಲೆಯ ಸಮೇತ ಬಟ್ಟೆ ಒಗೆಯುವ ಮಷೀನಿಗೆ ಸುರಿದದ್ದು ದೊಡ್ಡಮ್ಮನ ಸಲಹೆ. "ನಿಮ್ಮ ಮಷೀನಿಗೇ ಹಾಕಿ, ನಮ್ಮದು ಹೊಸದು" ಎಂದೂ ಅವರೇ ಹೇಳಿದರು.

ಮಷೀನು ಮೊದಲು ಗೊರಗೊರ ಎಂದಿತು, ಆಮೇಲೆ ಗಡಗಡ ನಡುಗಿತು, ಕೊನೆಗೆ ಕುಣಿಯುತ್ತಾ ಬಚ್ಚಲಿನಿಂದ ಹೊರಟು ನಡುಮನೆಗೇ ಬಂದುಬಿಟ್ಟಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದರ ಹೊಟ್ಟೆಯಲ್ಲಿ ಮೂರು ತೂತು. ಬಿಲ್ಲೆಗೆ ಆದದ್ದು ಇಷ್ಟೇ, ಹೊಳಪು ತುಸು ಮಂಕಾಗಿತ್ತು.

"ಮಷೀನ್ ಸವೀತು, ಬಿಲ್ಲೆ ಉಳೀತು" ಎಂದು ಹೆಂಡತಿ ತಲೆ ಮೇಲೆ ಕೈಹೊತ್ತಳು. "ನಿಮ್ಮ ಕಾರ್ಖಾನೆ ಬಾಗಿಲಿಗೇ ಇದನ್ನ ಹೊತ್ತು ತರ್ತೀನಿ!"

ಅಷ್ಟರಲ್ಲಿ ಬೀದಿಯಲ್ಲಿ "ಚಾಕು, ಕತ್ತರಿ, ಸಾಣೇ!" ಎಂಬ ಕೂಗು. ನಾಳೆರಾಯನಿಗೆ ಹೋದ ಜೀವ ಬಂದಂತಾಯಿತು, ಓಡಿದ. ಸಾಣೆಯವನು ಕಸುಬಿನಲ್ಲಿ ಬಲು ಕಟ್ಟುನಿಟ್ಟು. "ಈ ಕಡೆ ಜಾಸ್ತಿ ಸವೀತು ಸ್ವಾಮಿ, ಆ ಕಡೆನೂ ಸಮ ಮಾಡ್ತೀನಿ" ಎಂದ. ಆ ಕಡೆ ಜಾಸ್ತಿಯಾಯಿತು, ಮತ್ತೆ ಈ ಕಡೆ ಹಿಡಿದ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯಂತೆ ಅವನು ನ್ಯಾಯ ಮುಗಿಸುವಷ್ಟರಲ್ಲಿ ಬಿಲ್ಲೆ ಅರ್ಧಕ್ಕಿಳಿದಿತ್ತು.

ಹನ್ನೊಂದಕ್ಕೆ ನಾಳೆರಾಯ ಮ್ಯಾನೇಜರ ಎದುರು ನಿಂತ. ತಲೆಗೂದಲಲ್ಲಿ ಕೆನೆ, ಅಂಗಿಯ ತುಂಬ ಆಸಿಡ್ಡಿನ ತೂತು. ಮೇಜಿನ ಮೇಲೆ ಆರ್ಡರು, ಅದರ ಮೇಲೆ ಪೆನ್ನು. ಅವನು ಬಾಯಿ ತೆರೆಯುವ ಮೊದಲೇ ಫಿಟ್ಟರ್ ಒಳಗೆ ಬಂದು, ಕೆಸರು ತೊಟ್ಟಿಕ್ಕುವ ಇನ್ನೊಂದು ಬಿಲ್ಲೆಯನ್ನು ತಕ್ಕಡಿಯ ಮೇಲಿಟ್ಟ.

"ತೊಂಬತ್ನಾಲ್ಕು ಗ್ರಾಂ! ವರ್ಷವಿಡೀ ಕೆಸರಲ್ಲಿದ್ರೂ ಆರೇ ಗ್ರಾಂ ಹೋಗಿದೆ!" ಮ್ಯಾನೇಜರು ಕುರ್ಚಿಯಲ್ಲೇ ಕುಣಿದರು. "ಫಿಟ್ಟರ್ ನೇತುಹಾಕಿದ ಬಿಲ್ಲೆ ಇದು. ಈಗ ನಿಮ್ಮದು ಕೊಡಿ. ಹೋಲಿಸಿ ನೋಡೋಕೆ ಬೀರುವಿನೊಳಗೆ, ಒಣ ಜಾಗದಲ್ಲಿ, ಗೀರು ಬೀಳದ ಹಾಗೆ ಜೋಪಾನ ಮಾಡಿ ಅಂತ ಅವತ್ತು ಅಷ್ಟು ಹೊತ್ತು ಹೇಳಿದ್ನಲ್ಲ, ಅದು. ತಿಂಗಳು ತಿಂಗಳೂ 'ಸುರಕ್ಷಿತ' ಅಂತ ಎಷ್ಟು ಶ್ರದ್ಧೆಯಿಂದ ಬರ್ದಿದ್ದೀರಿ!"

ಜೀವಮಾನದಲ್ಲಿ ನಾಳೆರಾಯ ಅಚ್ಚುಕಟ್ಟಾಗಿ ಮಾಡಿದ್ದ ಒಂದೇ ಕೆಲಸವನ್ನು ಈ ಬೆಳಿಗ್ಗೆ ಮೂರೇ ತಾಸಿನಲ್ಲಿ ತಾನೇ ತೇದು ಹಾಕಿದ್ದ. ಬಿಲ್ಲೆಯನ್ನು ತಕ್ಕಡಿಗಿಟ್ಟ.

ನಲವತ್ತೊಂಬತ್ತು ಗ್ರಾಂ.

ಮ್ಯಾನೇಜರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಏನ್ರೀ ಇಟ್ಟಿದ್ದೀರಿ ನಿಮ್ಮ ಬೀರುವಿನೊಳಗೆ?"

ಆರ್ಡರು ಡ್ರಾಯರಿಗೆ ಮರಳಿತು. ಪರೀಕ್ಷೆ ಮೊದಲಿಂದ, ಇನ್ನೊಂದು ವರ್ಷ. ಖಾಯಂ ವಿಚಾರವೂ ಆಮೇಲೆ. "ಇದನ್ನ ನೀವೇ ಇಟ್ಕೊಳ್ಳಿ" ಎಂದು ಸವೆದ ಬಿಲ್ಲೆಯನ್ನು ಅವನ ಕೈಗೇ ಹಾಕಿದರು.

ಸಂಜೆ ಮನೆಯಲ್ಲಿ ಅವನು ಮೇಜಿನಡಿ ತೂರಿ ಬಿಲ್ಲೆಯನ್ನು ಮೊದಲಿದ್ದ ಜಾಗಕ್ಕೇ ತಳ್ಳಿದ. ಮೇಜು ಕುಂಟಿತು. ಬಿಲ್ಲೆ ಈಗ ಆ ಕಾಲಿಗೆ ಸಾಲದಷ್ಟು ತೆಳ್ಳಗಾಗಿತ್ತು.

"ಮೇಜಿಗೂ ಆಗ್ಲಿಲ್ವಾ? ಬೇರೇನಾದ್ರೂ ತಂದು ಇಡಿ ಮತ್ತೆ" ಎಂದಳು ಹೆಂಡತಿ, ಬಟ್ಟೆಗಳನ್ನು ಕೈಯಲ್ಲೇ ಒಗೆಯುತ್ತಾ.

"ಹೂಂ ಕಣೇ," ಎಂದ ನಾಳೆರಾಯ ಮೇಜಿನಡಿಯಿಂದಲೇ. "ನಾಳೆ ಖಂಡಿತ."