ನನ್ನ ನಾಜೂಕು, ಹರಾದ-ಸಾನ್ ಅವರ ಗೋಡೆ

ನಾಜೂಕು ಎಂಬ ಪದವನ್ನು ನಾನು ಬಹಳ ಬಳಸಿದ್ದೇನೆ, ಪಾಲಿಸಿದ್ದು ಕಡಿಮೆ. ನಮ್ಮ ಮನೆಯಲ್ಲಿ ಗಾಜಿನ ಲೋಟವೂ ನಾಜೂಕು, ಚಿಕ್ಕಮ್ಮನ ಆರೋಗ್ಯವೂ ನಾಜೂಕು. ಮಾತಿನ ನಾಜೂಕು ಬೇರೆ: ಎದುರಿನವರಿಗೆ ನೋವಾಗಬಾರದು, ನಮ್ಮ ಕೆಲಸವೂ ಆಗಬೇಕು. ಚಿಕ್ಕವಳಿದ್ದಾಗ ಅಮ್ಮ, ಎದುರು ಮನೆಯವರು ಒಯ್ದ ಕುಕ್ಕರನ್ನು ನಾಜೂಕಾಗಿ ಕೇಳಿ ತಾ ಎಂದು ಕಳಿಸಿದರು. ನಾನು ಹೋಗಿ, "ಕುಕ್ಕರ್ ಕೊಡ್ಬೇಕಂತೆ, ನಾಜೂಕಾಗಿ ಕೇಳು ಅಂದ್ರು ಅಮ್ಮ" ಎಂದೆ. ಕುಕ್ಕರ್ ಬಂತು. ಆ ಮನೆಯವರು ಬಹಳ ದಿನ ಬರಲಿಲ್ಲ.

ಇಂಥವಳನ್ನು ಕಂಪನಿ ಜಪಾನಿನ ನಗೋಯಾಕ್ಕೆ ಕಳಿಸಿದೆ. ಕಾರಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ಒಂದು ಕೋಣೆಯ ಮನೆ. ಸಂಜೆ ಏಳೂವರೆಗೆ, ಮೈಸೂರಿನಲ್ಲಿ ಅಕ್ಕ ಕಾಫಿಗೆ ಕೂರುವ ಹೊತ್ತಿಗೆ, ಫೋನ್ ಮಾಡುತ್ತೇನೆ. ಅದು ಬಿಟ್ಟರೆ ಆಫೀಸಿನ ಹೊರಗೆ ನನ್ನನ್ನು ಮಾತಾಡಿಸುವವರು ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಹರಾದ-ಸಾನ್ ಮಾತ್ರ. ಬೆಳಗ್ಗೆ ಕಸ ಇಡುವಲ್ಲಿ ಎರಡು ನಿಮಿಷ, ಚಳಿಯ ಬಗ್ಗೆ. ಆ ಎರಡು ನಿಮಿಷಕ್ಕಾಗಿ ನಾನು ಒಂದು ಚೀಲದ ಕಸವನ್ನು ಎರಡು ಚೀಲ ಮಾಡಿ ಎರಡು ದಿನ ಇಟ್ಟದ್ದುಂಟು.

ಒಂದು ಬೆಳಗ್ಗೆ ಅವರು ನಕ್ಕು, ಸಂಜೆ ನಿಮ್ಮ ಧ್ವನಿ ಎಷ್ಟು ಲವಲವಿಕೆಯಿಂದ ಇರುತ್ತದೆ ಎಂದರು. ಹಿಗ್ಗಿಹೋದೆ. ಅಂದು ಸಂಜೆ ಅಕ್ಕನಿಗೆ ಇದನ್ನು ಇನ್ನಷ್ಟು ಲವಲವಿಕೆಯಿಂದ ವರದಿ ಮಾಡಿದೆ. ಮರುದಿನ ಊಟದ ಹೊತ್ತಿಗೆ, ಹತ್ತು ವರ್ಷದಿಂದ ಇಲ್ಲಿರುವ ಬೆಂಗಳೂರಿನ ಸಹೋದ್ಯೋಗಿ ಸತೀಶ್ ಚಮಚ ಕೆಳಗಿಟ್ಟರು. "ಅದು ಹೊಗಳಿದ್ದಲ್ಲ ಕಣ್ರೀ, ಕಂಪ್ಲೇಂಟು. ಇಲ್ಲಿ ಹಾಗೇನೇ ಹೇಳೋದು. ಗೋಡೆ ತೆಳು, ನಿಮ್ಮ ವಾಲ್ಯೂಮ್ ನಮಗೆ ಗೊತ್ತಲ್ಲ."

ಊಟದ ಡಬ್ಬಿ ಮುಚ್ಚಿಟ್ಟೆ. ಆ ಹಿರಿಯ ಜೀವ ಎಷ್ಟು ತಿಂಗಳು ಸಹಿಸಿತ್ತೋ. ಅಂದಿನಿಂದ ರಜಾಯಿಯೊಳಗೆ ಪಿಸುಗುಟ್ಟತೊಡಗಿದೆ. ಅಕ್ಕ, "ಯಾರೇ ಇದ್ದಾರೆ ಮನೇಲಿ? ನಿಜ ಹೇಳು, ಅಮ್ಮಂಗೆ ಹೇಳಲ್ಲ" ಎಂದಳು. ಯಾರಿದ್ದಾರೆಂದು ಹೇಳಲಿ? ಕೊನೆಗೆ ಫೋನನ್ನೇ ಬಿಟ್ಟು ಮೆಸೇಜಿಗೆ ಇಳಿದೆ. ಮುಖ ತೋರಿಸಲು ನಾಚಿಕೆಯಾಗಿ, ಕಸವನ್ನೂ ಹರಾದ-ಸಾನ್ ಏಳುವ ಮುಂಚೆ ಇಟ್ಟು ಬಂದೆ. ನನ್ನ ಫ್ರಿಜ್ಜು ಅಷ್ಟು ಸದ್ದು ಮಾಡುತ್ತದೆಂದು ಆಗಲೇ ಗೊತ್ತಾದದ್ದು. ಹತ್ತು ದಿನಗಳಲ್ಲಿ ಮನೆಯೊಳಗೆ ನಾನು ಗಟ್ಟಿಯಾಗಿ ಆಡಿದ್ದು ಒಂದೇ ಮಾತು. ಕಾಲ್ಬೆರಳು ಮಂಚಕ್ಕೆ ತಗುಲಿದಾಗಿನ "ಅಮ್ಮಾ".

ಹನ್ನೊಂದನೆಯ ದಿನ ಕರೆಗಂಟೆ ಸದ್ದಾಯಿತು. ಹರಾದ-ಸಾನ್. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನನಗೆ ಅರ್ಥವಾಗುವಂಥ ಸುಲಭದ ಜಪಾನಿಯಲ್ಲಿ ನಿಧಾನವಾಗಿ ಹೇಳಿದರು: "ನಿಮ್ಮ ಧ್ವನಿ ಜೋರಾಗಿತ್ತು. ನನ್ನ ಟೀವಿ ಕೇಳಿಸ್ತಿರಲಿಲ್ಲ. ಈಗ ನಿಮ್ಮ ಸದ್ದೇ ನಿಂತುಹೋಗಿದೆ. ಮೂರು ದಿನದಿಂದ ಗೋಡೆಗೆ ಕಿವಿಯಿಟ್ಟು ಕೂತಿದ್ದೇನೆ, ನೀವು ಇದ್ದೀರೋ ಇಲ್ಲವೋ ಅಂತ."

ಇಷ್ಟು ನೇರವಾದ ಮಾತನ್ನು ಈ ಊರಿನಲ್ಲಿ ನಾನು ಕೇಳಿರಲಿಲ್ಲ. ನಾನೂ ನೇರವಾಗಿ, ನಿಮ್ಮ ಎರಡು ನಿಮಿಷದ ಮಾತು ಶಾಶ್ವತವಾಗಿ ತಪ್ಪಿಹೋದೀತೆಂದು ಹೆದರಿ ಸುಮ್ಮನಾದೆ ಎನ್ನಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ನನಗೆ ನಾಜೂಕು ಬಂದುಬಿಟ್ಟಿತು. "ಸುಮಿಮಾಸೆನ್, ಗಂಟಲು ನೋವಿತ್ತು" ಎಂದು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ಜೇನಿನಲ್ಲಿ ನೆನೆಸಿದ ಮೂಲಂಗಿಯ ರಸ ತಂದು, ಗಂಟಲಿಗೆ ಒಳ್ಳೆಯದೆಂದು ಕೊಟ್ಟು, ಲೋಟ ಖಾಲಿಯಾಗುವವರೆಗೂ ಬಾಗಿಲಲ್ಲೇ ನಿಂತರು. ಹೇಗಿದೆ ಎಂದು ಕೇಳಿದರು. ಉಸಿರು ಬಿಗಿಹಿಡಿದು, ತುಂಬಾ ರುಚಿಯಾಗಿದೆ ಎಂದೆ.

ಈಗ ದಿನಾ ತರುತ್ತಿದ್ದಾರೆ.