ಧಾಬಳಿಯೊಳಗಿನ ಕುಲ್ಫಿ

"ಕೃಷ್ಣಾ ಹೊಳೀ ದಂಡೀ ಮ್ಯಾಲ, ನಡು ಮಧ್ಯಾಹ್ನ, ಕಲ್ಲಿನಂಥಾ ಕುಲ್ಫಿ ತಿನ್ನಸಲಿಲ್ಲಂದ್ರ ನನ್ನ ಹೆಸರು ಪ್ರಹ್ಲಾದನ ಅಲ್ಲ!"

ಜಮಖಂಡಿ ಕಚೇರಿಯ ಕಾರಕೂನ ಪ್ರಹ್ಲಾದ ಇಂಥ ಭೀಷ್ಮಪ್ರತಿಜ್ಞೆ ಮಾಡಲು ಕಾರಣ ಹೆಂಡತಿಯ ತಮ್ಮ ದತ್ತೋಪಂತ. ಪುಣೆಯಿಂದ ಬಂದವನೇ, "ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು, ಆದ್ರ ಭಾವಾ, ನಿಮ್ಮೂರಿಗೆ ಕುಲ್ಫಿ ಇನ್ನೂ ಬಂದಿಲ್ಲ ನೋಡ್ರಿ" ಎಂದು ನಕ್ಕಿದ್ದ. ಹೆಂಡತಿಯ ತವರಿನವರು ನಕ್ಕರೆ ಯಾವ ಗಂಡಸು ಸುಮ್ಮನಿದ್ದಾನು?

ಸಾಂಗಲಿಯಿಂದ ಬಸ್ಸಿನ ತಲೆಯ ಮೇಲೆ ಬರ್ಫದ ಗಡ್ಡೆ ಬಂತು. ದಾರಿಯುದ್ದಕ್ಕೂ ಕೆಳಗೆ ಕೂತವರಿಗೆ ಅಭಿಷೇಕವಾಗಿ, ಅರ್ಧ ಗಡ್ಡೆ ಉಳಿದಿತ್ತು. ಪ್ರಹ್ಲಾದ ಅದನ್ನು ಒಡೆದು, ಉಪ್ಪು ಬೆರೆಸಿ ಕೊಡಕ್ಕೆ ತುಂಬಿ, ನಡುವೆ ಕುಲ್ಫಿಯ ಡಬ್ಬಿಗಳನ್ನು ಹುಗಿದ. ಇನ್ನು ಮೇಲೆ ಉಣ್ಣೆ ಸುತ್ತಿದರೆ ಗೆದ್ದಂತೆ!

"ಸುಹಾಸಿನೀ, ಆ ಕಂಬಳಿ ಕೊಡ."

"ನನ್ನ ತವರಿನ ಕಂಬಳಿ ಉಪ್ಪುನೀರಾಗ ಅದ್ದತೀರೇನು? ಮುಟ್ಟಿ ನೋಡ್ರಿ!"

ಅವನು ಮುಟ್ಟಲಿಲ್ಲ. ಮುಟ್ಟಬಾರದ್ದನ್ನೇ ಮುಟ್ಟಿದ. ಸೋದರತ್ತೆ ಕೃಷ್ಣಾಬಾಯಿ ಮಿಂದು ಉಡುವ ಮಡಿ ಧಾಬಳಿ ಎತ್ತರದ ಗಳದ ಮೇಲೆ ಒಣಗುತ್ತಿತ್ತು. ಆಕೆಯ ಹೊರತು ಯಾರೂ ಮುಟ್ಟದ, ಅಪ್ಪಟ ಉಣ್ಣೆ! ಅದನ್ನೆಳೆದು ಕೊಡಕ್ಕೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದ. "ಅತ್ತ್ಯಾ, ನಿಮ್ಮ ಧಾಬಳಿ ಗಾಡ್ಯಾಗ ಇಟ್ಟೇನ್ರಿ" ಎಂದೂ ಹೇಳಿದ. ಸುಳ್ಳೇನಲ್ಲವಲ್ಲ!

ಮನೆಮಂದಿಯೆಲ್ಲ ಗಾಡಿಯಲ್ಲಿ ಹೊಳೆಯ ದಂಡೆಗೆ ಬಂದರು. ಹೊಳೆಯಲ್ಲಿ ಮುಳುಗೆದ್ದ ಅತ್ತೆ ಒದ್ದೆ ಸೀರೆಯಲ್ಲೇ ನಿಂತು ಕೂಗಿದಳು. "ಪ್ರಹ್ಲಾದಾ, ಧಾಬಳಿ ಎಲ್ಲೆದ?"

ಪ್ರಹ್ಲಾದ ಕೊಡಕ್ಕೆ ಅಡ್ಡ ನಿಲ್ಲಲು ಓಡಿದ. ಅಷ್ಟರಲ್ಲಿ ಅತ್ತೆಯ ಕಣ್ಣು ಕೊಡದ ಮೇಲೆ ಬಿತ್ತು.

"ಮುಟ್ಟಿದೇನೋ?"

ಹೌದೆಂದರೆ ಮಡಿ ಕೆಟ್ಟಿತೆಂದು ಇಡೀ ದಿನ ಉಪವಾಸ ಕೂಡುವ ಮುದುಕಿ. ಆ ಉಪವಾಸದ ಕಥೆಯನ್ನು ಅವನು ಸಾಯುವತನಕ ಕೇಳಬೇಕು!

"ಛೇ ಛೇ! ಕೋಲಿಲೇ ತಗದು, ಕೋಲಿಲೇ ಸುತ್ತೇನ್ರಿ ಅತ್ತ್ಯಾ!"

"ಹಂಗಾದ್ರ ಮಡಿ ಕೆಟ್ಟಿಲ್ಲ" ಎಂದಳು ಅತ್ತೆ. "ಒಳಗ ಏನದ?"

"ಕುಲ್ಫಿ. ಬರೇ ಹಾಲು ಸಕ್ಕರಿ..."

"ಮಡಿ ಧಾಬಳಿಯೊಳಗಿಂದೂ ಮಡೀನ. ಯಾರೂ ಮುಟ್ಟಬ್ಯಾಡ್ರಿ!"

ದತ್ತೋಪಂತ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಸುಹಾಸಿನಿ ಗಂಡನ ಕಿವಿಯಲ್ಲಿ, "ಮುಟ್ಟೇನಿ ಅಂತ ಖರೆ ಹೇಳ್ರಿ, ಕುಲ್ಫಿ ಉಳೀತಾವ" ಎಂದಳು. ಪ್ರಹ್ಲಾದ ಕುಲ್ಫಿಯ ಕೊಡ ನೋಡಿದ, ಅತ್ತೆಯ ಮುಖ ನೋಡಿದ, ಬಾಯಿ ಮುಚ್ಚಿಕೊಂಡ.

ಗಂಟು ಬಿಚ್ಚಲು ಅತ್ತೆಗೆ ಸಾಕುಸಾಕಾಯಿತು. ಆಮೇಲೆ ಮಾತ್ರ ಅವಸರವೇ ಇಲ್ಲ! ಹಲ್ಲಿಲ್ಲದ ಬಾಯಲ್ಲಿ ಕುಲ್ಫಿಯನ್ನು ಆಚೆ ದವಡೆಯಿಂದ ಈಚೆ ದವಡೆಗೆ ತಿರುಗಿಸುತ್ತ, ಕಣ್ಣು ಮುಚ್ಚಿ, "ನಾರಾಯಣ, ನಾರಾಯಣ" ಎನ್ನುತ್ತ ಚಪ್ಪರಿಸಿದಳು. ಎಲ್ಲರೂ ಬಿಸಿಲಲ್ಲಿ ಕೂತು, ಆಕೆ ನುಂಗಿದಾಗಲೆಲ್ಲ ತಾವೂ ಉಗುಳು ನುಂಗಿದರು. ಕಲ್ಲಿನಂಥ ಕುಲ್ಫಿ ಆಗಿದ್ದು ಖರೆ. ಅದನ್ನು ಹೇಳಲು ಸಾಕ್ಷಿ ಒಬ್ಬಳೇ!

ಕಡೆಯ ಡಬ್ಬಿಯೂ ಬರಿದಾಯಿತು. ಅತ್ತೆ ಬೆರಳು ನೆಕ್ಕಿ, ತೃಪ್ತಿಯಿಂದ ಸೋದರಳಿಯನನ್ನು ಹತ್ತಿರ ಕರೆದಳು.

"ಅಲ್ಲೋ ಪ್ರಹ್ಲಾದಾ, ಕೋಲಿಲೇ ಇಷ್ಟು ಬಿಗಿ ಗಂಟು ಹಾಕೀಯಲ್ಲ, ಆ ವಿದ್ಯಾ ನನಗೂ ಒಂದೀಟು ಕಲಸಪಾ!"