ಕಸಬರಿಗೆಯ ಉತ್ತರ

ಒಂದನೇ ಇಯತ್ತೆಗೆ ಕಲಿಸುವವನಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅವೇ ಹಾಜರಿ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಎಂಬತ್ತರ ದಶಕದಲ್ಲಿ ನಾನು ನವಲಗುಂದ ಕಡೆಯ ಒಂದು ಹಳ್ಳಿಯಲ್ಲಿದ್ದೆ. ನನ್ನ ಹೆಂಡತಿ ತೀರಿಕೊಂಡ ವರ್ಷ. ಶಾಲೆಯಲ್ಲಿ ನಾನು ಆ ಮಾತು ಎತ್ತುತ್ತಿರಲಿಲ್ಲ.

ಒಂದು ಸೋಮವಾರ ಹಾಜರಿ ಮುಗಿಯುವಷ್ಟರಲ್ಲಿ ಒಬ್ಬ ತಾಯಿ ಆರು ವರ್ಷದ ಮಗಳನ್ನು ಕರೆತಂದಳು.

“ಕಿವಿ ಚೊಲೊ ಕೇಳ್ತಾವ್ರಿ ಮಾಸ್ತರ. ಮಾತಷ್ಟ ಬರಂಗಿಲ್ಲ. ‘ಅವ್ವ’, ‘ಥೂ’, ಎರಡ ಅಂತಾಳ.”

“ಥೂ ಯಾಕವಾ?”

“ಅತ್ತರ ನಾ ದೃಷ್ಟಿ ತಗೀತೀನಲ್ರಿ. ಕಸಬರಗಿ ಮೂರು ಸುತ್ತ ಇಳಿಸಿ ಥೂ ಅಂದ್ರ ಸುಮ್ಮನಾಕ್ಕಾಳ.”

ಹೆಡ್‌ಮಾಸ್ತರರು ಹೆಸರು ಬರೆದುಕೊಂಡರು. “ಇನ್‌ಸ್ಪೆಕ್ಟರ್ ಸಾಹೇಬ್ರು ಬರೂತನ ಕುಂದರ್ಲಿ. ಅವರು ಕೇಳಿದ್ದಕ್ಕ ಉತ್ತರ ಕೊಡ್ಲಿಲ್ಲಂದ್ರ ಹೆಸರು ಹೊಡದು ಮನಿಗೆ ಕಳಸೂದು.”

೧. ಉಳ್ಳಾಗಡ್ಡಿ

ಶಾಲೆಯಲ್ಲಿ ಉಪ್ಪಿಟ್ಟು ಮಾಡುವ ಅಜ್ಜಿ ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಹುಡುಗಿ ನೋಡಿದಳು. ವರ್ಗದ ಕಸಬರಿಗೆ ತಂದು ಅಜ್ಜಿಯ ತಲೆಯ ಸುತ್ತ ಮೂರು ಸಲ ಇಳಿಸಿದಳು. “ಥೂ, ಥೂ, ಥೂ.”

“ಈ ವಯಸ್ಸಿನ್ಯಾಗ ನನಗ್ಯಾರ ದೃಷ್ಟಿ ಹಚ್ಚತಾರಬೇ?” ಎಂದಳು ಅಜ್ಜಿ.

ಮರುದಿನ ಆಕೆ ಸೇವಂತಿಗೆ ಮುಡಿದು ಬಂದಳು.

೨. ನಶ್ಯೆ

ಹೆಡ್‌ಮಾಸ್ತರರು ನಶ್ಯೆ ಏರಿಸಿ, ಸೀನಿ ಸೀನಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಕಸಬರಿಗೆ ಅವರ ತಲೆಯ ಸುತ್ತಲೂ ತಿರುಗಿತು. ಅವರು ಬೈಯಲು ಬಾಯಿ ತೆರೆದರು. ನೋಡಿದರೆ, ಸೀನು ನಿಂತಿತ್ತು.

ಅಂದಿನಿಂದ ನೆಗಡಿಯಾದಾಗಲೆಲ್ಲ ಅವರು ನಮ್ಮ ವರ್ಗಕ್ಕೆ ಬಂದು ಹುಡುಗಿಯ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದರು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದದ್ದು: “ಕಣ್ಣೀರು ಗುರುತಿಸುತ್ತಾಳೆ. ದುಃಖ ತಿಳಿಯುವುದಿಲ್ಲ.”

೩. ಸಾಹೇಬರು

ಇನ್‌ಸ್ಪೆಕ್ಟರ್ ಬಂದರು. ನಮ್ಮ ಹುಡುಗಿಯನ್ನೇ ಎಬ್ಬಿಸಿ, ನಗುವ ಮುಖ, ಅಳುವ ಮುಖ ಇದ್ದ ಪಟ ತೋರಿಸಿದರು.

“ಅಳೋರು ಯಾರವಾ? ತೋರಸು.”

ಅವಳು ಪಟ ನೋಡಿದಳು. ವರ್ಗವನ್ನೆಲ್ಲ ಒಮ್ಮೆ ನೋಡಿದಳು. ಮೂಲೆಗೆ ಹೋಗಿ ಕಸಬರಿಗೆ ಎತ್ತಿಕೊಂಡಳು. ಸಾಹೇಬರು ಕುರ್ಚಿ ಹಿಂದೆ ಸರಿಸಿದರು. ಹೆಡ್‌ಮಾಸ್ತರರು ರೂಢಿಯಂತೆ ತಲೆ ಬಗ್ಗಿಸಿದರು. ಅವಳು ಇಬ್ಬರನ್ನೂ ದಾಟಿ, ಬೋರ್ಡಿನ ಹತ್ತಿರ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದ ನನ್ನ ಬಳಿ ಬಂದಳು. ಎಟುಕಲಿಲ್ಲ. ನಾನು ಬಗ್ಗಿದೆ. ಮೂರು ಸುತ್ತು ಇಳಿಸಿದಳು.

“ಥೂ, ಥೂ, ಥೂ.”

“ತಪ್ಪು,” ಎಂದರು ಸಾಹೇಬರು. “ಮಾಸ್ತರು ಎಲ್ಲಿ ಅಳಾಕತ್ತಾರ? ಕಣ್ಣು ಒಣಗಿದ್ದಾವಲ್ಲ.”

ಹೆಡ್‌ಮಾಸ್ತರರು ಬಗ್ಗಿಸಿದ ತಲೆ ಎತ್ತದೆಯೇ ಹೇಳಿದರು: “ತಪ್ಪಲ್ರಿ ಸಾಹೇಬ್ರ. ಅವರ ಮನಿಯವರು ತೀರಿಕೊಂಡು ಎಂಟು ತಿಂಗಳಾತ್ರಿ.”

ಸಾಹೇಬರು ಪಟ ಸುತ್ತಿಟ್ಟರು. ಕುರ್ಚಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು.

“ಮಾಸ್ತರ, ನನಗೂ ಒಮ್ಮೆ ಇಳಸು ಅನ್ರಿ ಅಕಿಗೆ,” ಎಂದರು.

ಮುಂದಿನ ಜೂನಿನಲ್ಲಿ, ಎರಡನೇ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹನ್ನೊಂದನೆಯದು.